ಬೆಟ್ಟಕ್ಕೆ ಹೊರಡುವ ಮುನ್ನ

ಮಕ್ಕಳೇ, ಹಿಂದೂಪುರ, ಪರಿಗಿಯ ಕಡೆಗೆ ಹೋಗಿ ಬಂದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಹೋಗಿದ್ದರೆ ನೀವು ಪೆನ್ನಾ ನದಿಯನ್ನು ನೋಡಿರುತ್ತೀರಿ. ವರ್ಷದ ಹೆಚ್ಚು ದಿನ ಅಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ. "ಇದೂ ಒಂದು ನದಿಯೇ ಮೇಷ್ಟ್ರೇ?" ಎಂದು ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ. ನದಿಯೇ ಹೌದು. 597 ಕಿಲೋಮೀಟರ್ ಉದ್ದದ ದೊಡ್ಡ ನದಿ. ನಮ್ಮ ಸೀಮೆಯನ್ನು ದಾಟಿ, ಕಡಪ, ನೆಲ್ಲೂರುಗಳ ಮೂಲಕ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇದಕ್ಕೆ ಉತ್ತರ ಪಿನಾಕಿನಿ ಎಂಬ ಹೆಸರೂ ಇದೆ.

"ಹಾಗಾದರೆ ಇದು ಹುಟ್ಟುವುದು ಎಲ್ಲಿ?"

"ಕರ್ನಾಟಕದ ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟಗಳ ಸಾಲಿನಲ್ಲಿ."

"ಅಲ್ಲಿಗೆ ಹೋಗೋಣ ಮೇಷ್ಟ್ರೇ!" ಇಡೀ ತರಗತಿ ಒಟ್ಟಿಗೆ ಕೂಗಿತು.

ಹೋಗೋಣ ಎನ್ನುವುದಕ್ಕೆ ಒಂದು ಕ್ಷಣ ಸಾಕು. ಹೋಗಿ, ಎಲ್ಲರೂ ಸುಖವಾಗಿ ಮರಳಿ ಬರುವುದಕ್ಕೆ ಏನೇನು ಬೇಕು? ಅದನ್ನು ನಾವು ಒಂದು ವಾರ ಕುಳಿತು ಯೋಚಿಸಿದೆವು. ಕರಿಹಲಗೆಯ ಮೇಲೆ ಬರೆದೆವು, ಅಳಿಸಿದೆವು, ಮತ್ತೆ ಬರೆದೆವು. ಆ ವಾರದ ಕಥೆಯನ್ನೇ ಈಗ ನಿಮಗೆ ಹೇಳುತ್ತೇನೆ. ನೀವು ಬೇರೆ ಯಾವುದಾದರೂ ಬೆಟ್ಟಕ್ಕೆ ಹೋಗುವುದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಬೆಟ್ಟದ ಪರಿಚಯ ಮಾಡಿಕೊಳ್ಳೋಣ. ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1478 ಮೀಟರ್. ಸುತ್ತಮುತ್ತ ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಎಂಬ ಬೆಟ್ಟಗಳಿವೆ. ಪೆನ್ನಾ ಮಾತ್ರವಲ್ಲ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ನದಿಗಳೂ ಈ ಸೀಮೆಯಲ್ಲೇ ಹುಟ್ಟುತ್ತವೆ. ಒಂದು ಬದಿಯಲ್ಲಿ ಬಿದ್ದ ಮಳೆಹನಿ ಆಂಧ್ರಕ್ಕೆ, ಇನ್ನೊಂದು ಬದಿಯಲ್ಲಿ ಬಿದ್ದದ್ದು ತಮಿಳುನಾಡಿಗೆ! ಬೆಟ್ಟದ ಮೇಲೆ ಹಳೆಯ ಕೋಟೆ ಇದೆ. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಅದು ಬಲವಾದ ಕೋಟೆಯಾಗಿತ್ತು. 1791ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯ ಅದನ್ನು ಹಿಡಿಯಿತು. ಬೆಟ್ಟದ ಅಡಿಯಲ್ಲಿ, ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಾಲಯವಿದೆ. ಒಂಬತ್ತನೆಯ ಶತಮಾನದಲ್ಲಿ ಮೊದಲಾದ ಗುಡಿ ಅದು. ಅದರ ಕಲ್ಯಾಣಿಯ ಮೆಟ್ಟಿಲುಗಳನ್ನು ನೋಡುತ್ತಾ ಕುಳಿತರೆ ಏಳಲು ಮನಸ್ಸೇ ಬರುವುದಿಲ್ಲ.

ಮೇಲೆ ಹೋಗಲು ಎರಡು ದಾರಿಗಳಿವೆ. ಒಂದು, ಸುಲ್ತಾನ್‌ಪೇಟೆಯಿಂದ ಏರುವ ಹಳೆಯ ಕಲ್ಲಿನ ಮೆಟ್ಟಿಲುಗಳ ದಾರಿ. ಸಾವಿರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ಇನ್ನೊಂದು, ಏಳೆಂಟು ಕಿಲೋಮೀಟರ್ ಉದ್ದದ ಡಾಂಬರು ರಸ್ತೆ. ಅದು ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ.

"ರಸ್ತೆ ಯಾಕೆ ಸುತ್ತುತ್ತದೆ? ನೇರ ಹೋಗಬಾರದೇ?"

ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿ ನೋಡಿ. ಅಡಿಯಿಂದ ಮೇಲಕ್ಕೆ ಸುಮಾರು 500 ಮೀಟರ್ ಏರಬೇಕು. ಅಷ್ಟನ್ನು ಏಳೂವರೆ ಕಿಲೋಮೀಟರಿಗೆ ಹಂಚಿದರೆ, ಪ್ರತಿ ನೂರು ಮೀಟರ್ ದಾರಿಗೆ ಆರೇಳು ಮೀಟರ್ ಏರು ಬರುತ್ತದೆ. ಬಸ್ಸು, ಸೈಕಲ್ಲು ಇಷ್ಟನ್ನು ಏರಬಲ್ಲವು. ಮೆಟ್ಟಿಲಿನ ದಾರಿ ಅದಕ್ಕಿಂತ ಎಷ್ಟೋ ಚಿಕ್ಕದು. ಆದ್ದರಿಂದ ಅದರ ಏರು ಕಡಿದು. ದಾರಿ ಚಿಕ್ಕದಾದಷ್ಟೂ ಉಸಿರು ಹೆಚ್ಚು ಬೇಕು. ನಾವು ಆರಿಸಿಕೊಂಡದ್ದು ಮೆಟ್ಟಿಲಿನ ದಾರಿ. ಹಗ್ಗ ಹಿಡಿಯುವ, ಬಂಡೆ ಏರುವ ಕೆಲಸ ಅಲ್ಲಿಲ್ಲ. ನಿಧಾನವಾಗಿ ನಡೆದರೆ ನಿಮ್ಮಂಥ ಮಕ್ಕಳು ಏರಬಲ್ಲ ಸುಲಭದ ದಾರಿಯೇ ಅದು.

ಸುಲಭದ ದಾರಿ ಎಂದೆನಲ್ಲ, ಆ ಮಾತಿನಿಂದಲೇ ನಾನು ಒಮ್ಮೆ ಮೋಸ ಹೋದೆ. ಅದನ್ನು ಹೇಳದೆ ಮುಂದೆ ಹೋಗಬಾರದು.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಇನ್ನೂ ಚಿಕ್ಕ ವಯಸ್ಸಿನ ಮೇಷ್ಟ್ರು. 32 ಮಕ್ಕಳನ್ನು ಇದೇ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಸುಲ್ತಾನ್‌ಪೇಟೆಗೆ ತಲಪುವಾಗ ಬಿಸಿಲು ಏರಿತ್ತು. ಬೇಗ ಹತ್ತಿಸಬೇಕೆಂದು ನಾನು, "ಯಾರು ಮೊದಲು ಮೇಲೆ ಮುಟ್ಟುತ್ತೀರೋ ನೋಡೋಣ!" ಎಂದುಬಿಟ್ಟೆ. ಮಕ್ಕಳು ಆಡಿನ ಮರಿಗಳಂತೆ ಹಾರುತ್ತಾ ಓಡಿದರು. ನಾನೂ ಅವರ ಜೊತೆಗೇ ಹೋದೆ. ಮೇಲೆ ಮುಟ್ಟಿ ಲೆಕ್ಕ ಹಾಕಿದರೆ 31. ಮತ್ತೊಮ್ಮೆ ಲೆಕ್ಕ ಹಾಕಿದೆ. ಮತ್ತೂ 31!

ನನ್ನ ಕೈಕಾಲು ತಣ್ಣಗಾದವು. ಉಳಿದವರನ್ನು ಜೊತೆಗಿದ್ದ ಮೇಷ್ಟ್ರ ಬಳಿ ಬಿಟ್ಟು ಕೆಳಗೆ ಓಡಿದೆ. ಹೆಸರು ಕೂಗಿದೆ. ಉತ್ತರವಿಲ್ಲ. ಅರ್ಧ ದಾರಿಗಿಂತಲೂ ಕೆಳಗೆ, ಒಂದು ಬಂಡೆಯ ನೆರಳಿನಲ್ಲಿ ಆ ಹುಡುಗಿ ಕುಳಿತಿದ್ದಳು. ಹವಾಯಿ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗದೆ ಕುಳಿತಿದ್ದಳು. ಬುತ್ತಿಯ ಚೀಲವನ್ನು ಕೋತಿ ಕಿತ್ತುಕೊಂಡು ಹೋಗಿತ್ತು. ಅವಳು ನನ್ನನ್ನು ಬೈಯಲಿಲ್ಲ. ಯಾಕೆ ಬಿಟ್ಟು ಹೋದಿರಿ ಎಂದೂ ಕೇಳಲಿಲ್ಲ. ಕಣ್ಣೊರೆಸಿಕೊಂಡು, "ನಾನು ಸೋತುಬಿಟ್ಟೆನಾ ಮೇಷ್ಟ್ರೇ?" ಎಂದಳು.

ಆ ಮಾತಿಗೆ ನಾನು ಆ ದಿನ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಈಗ ನಾನು ಬೆಟ್ಟದ ಯೋಜನೆ ಮಾಡುವಾಗಲೆಲ್ಲ ಮೊದಲ ಸಾಲಿನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ. ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು?

ಈ ಸಲವೂ ಹಾಗೇ ಬರೆದೆ. ತರಗತಿಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರೂ ಕೈ ಎತ್ತಲಿಲ್ಲ. ಸರಿ, ಭಾನುವಾರ ಊರಿನ ಗುಡ್ಡಕ್ಕೆ ಹೋಗೋಣ ಎಂದೆ. ಗಡಿಯಾರ ಹಿಡಿದು ನಡೆದೆವು. ನಿಧಾನದವರ ಜೊತೆ ನೂರು ಮೆಟ್ಟಿಲಿನಷ್ಟು ಏರಲು 5 ನಿಮಿಷ ಬೇಕಾಯಿತು. ಆಮೇಲೆ ಉಸಿರು ಸುಧಾರಿಸಿಕೊಳ್ಳಲು ಇನ್ನೂ 5 ನಿಮಿಷ. ನೂರಕ್ಕೆ 10 ನಿಮಿಷವಾದರೆ ಸಾವಿರಕ್ಕೆ ಎಷ್ಟು? 100 ನಿಮಿಷ. ಮಿಕ್ಕ ಮೆಟ್ಟಿಲುಗಳಿಗೆ, ನೀರು ಕುಡಿಯಲು, ಹಕ್ಕಿ ನೋಡಲು 20 ನಿಮಿಷ ಸೇರಿಸಿದೆವು. ಒಟ್ಟು 2 ಗಂಟೆ. ವೇಗವಾಗಿ ಹತ್ತುವವರು ಒಂದು ಗಂಟೆಯೊಳಗೆ ಮೇಲೆ ಮುಟ್ಟಬಹುದು. ಆದರೆ ನಮ್ಮ ಲೆಕ್ಕ ಅವರದ್ದಲ್ಲ.

ಇನ್ನು ಹೊರಡುವ ಹೊತ್ತು. "ಬೆಳಿಗ್ಗೆ ಏಳಕ್ಕೆ ಹೊರಡೋಣ" ಎಂದು ಒಬ್ಬ, "ಎಂಟಕ್ಕೆ" ಎಂದು ಇನ್ನೊಬ್ಬ. ಹೀಗೆ ಮುಂದಿನಿಂದ ಲೆಕ್ಕ ಹಾಕಿದರೆ ಕೊನೆಗೆ ಕತ್ತಲೆಯಲ್ಲಿ ಸಿಕ್ಕಿಬೀಳುತ್ತೇವೆ. ನಾವು ಹಿಂದಿನಿಂದ ಲೆಕ್ಕ ಹಾಕಿದೆವು. ಸಂಜೆ ಆರೂವರೆಗೆ ಮಡಕಶಿರಾಕ್ಕೆ ಬಂದು ಸೇರಬೇಕು. ಹಿಂದೂಪುರ, ಗೌರಿಬಿದನೂರಿನ ಮೇಲೆ ಹೋದರೆ ದಾರಿ ಸುಮಾರು ನೂರು ಕಿಲೋಮೀಟರ್. ಬಸ್ಸಿಗೆ 3 ಗಂಟೆ ಬೇಕು. ಅಂದರೆ ಮಧ್ಯಾಹ್ನ ಮೂರೂವರೆಗೆ ಅಲ್ಲಿಂದ ಹೊರಡಬೇಕು. ಅದಕ್ಕೆ ಮೊದಲು ಭೋಗನಂದೀಶ್ವರಕ್ಕೆ ಒಂದು ಗಂಟೆ. ಹಾಗಾಗಿ ಎರಡೂವರೆಗೆ ಬೆಟ್ಟ ಇಳಿದಿರಬೇಕು. ಇಳಿಯಲು ಒಂದೂವರೆ ಗಂಟೆ. ಆದ್ದರಿಂದ ಒಂದು ಗಂಟೆಗೆ ಮೇಲಿನಿಂದ ಹೊರಡಬೇಕು. ಮೇಲೆ ಊಟಕ್ಕೂ ನೋಡುವುದಕ್ಕೂ 2 ಗಂಟೆ. ಅಂದರೆ ಹನ್ನೊಂದಕ್ಕೆ ಮೇಲೆ ಇರಬೇಕು, ಒಂಬತ್ತಕ್ಕೆ ಹತ್ತಲು ಮೊದಲು ಮಾಡಬೇಕು. ತಿಂಡಿಗೆ ಅರ್ಧ ಗಂಟೆ, ಬಸ್ಸಿಗೆ 3 ಗಂಟೆ ಕಳೆದರೆ ಬೆಳಗಿನ ಐದೂವರೆ!

"ಐದೂವರೆಯಾ?" ಎಂದು ಹಿಂದಿನ ಸಾಲಿನಿಂದ ಒಂದು ದೊಡ್ಡ ಆಕಳಿಕೆ ಕೇಳಿಸಿತು.

ದಾರಿಯಲ್ಲಿ ವಿದುರಾಶ್ವತ್ಥ ಬರುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಸ್ವಾತಂತ್ರ್ಯ ಹೋರಾಟದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ಕೊಟ್ಟರು. ಅದನ್ನೂ ನೋಡಿಕೊಂಡು ಹೋಗೋಣ ಎಂದು ಕೆಲವರು ಹಟ ಹಿಡಿದರು. ಹಾಗೆ ಮಾಡಿದರೆ ಐದಕ್ಕೇ ಹೊರಡಬೇಕು. "ನಮ್ಮ ಮನೆ ತೋಟದಲ್ಲಿದೆ, ಕತ್ತಲಲ್ಲಿ ಹೇಗೆ ಬರಲಿ?" ಎಂದಳು ಒಬ್ಬಳು. ಅಂಥ ಜಾಗವನ್ನು ಹತ್ತು ನಿಮಿಷದಲ್ಲಿ ನೋಡಿ ಓಡುವುದು ನನಗೂ ಸರಿ ಕಾಣಲಿಲ್ಲ. ಅದಕ್ಕೆಂದೇ ಬೇರೊಂದು ದಿನ ಹೋಗೋಣ ಎಂದು ತೀರ್ಮಾನಿಸಿದೆವು. ಯೋಜನೆ ಎಂದರೆ ಸೇರಿಸುವುದು ಮಾತ್ರವಲ್ಲ ಮಕ್ಕಳೇ, ಬಿಡುವುದನ್ನೂ ಕಲಿಯಬೇಕು.

ಇನ್ನೊಂದು ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದೆವು. ಹನ್ನೊಂದೂವರೆ. ಆ ಹೊತ್ತಿಗೆ ಮೇಲೆ ಮುಟ್ಟದಿದ್ದರೆ, ಎಲ್ಲಿದ್ದೇವೋ ಅಲ್ಲೇ ಕುಳಿತು ಊಟ ಮಾಡಿ ಹಿಂದಕ್ಕೆ ತಿರುಗುವುದು. "ತುದಿ ನಾಲ್ಕೇ ಮೆಟ್ಟಿಲು ದೂರ ಇದ್ದರೂ?" ಎಂದು ಒಬ್ಬ ಕೇಳಿದ. ನಾಲ್ಕೇ ಇದ್ದರೆ ಹತ್ತಿಬಿಡೋಣ ಎಂದೆ, ಎಲ್ಲರೂ ನಕ್ಕರು. ನಲವತ್ತು ಇದ್ದರೆ? ಅದನ್ನು ನೀವೇ ಚರ್ಚಿಸಿ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ನಂದಿ ಬೆಟ್ಟದ ಮೇಲಿಂದ ಮಣ್ಣು ಕಲ್ಲು ಕುಸಿದು ಡಾಂಬರು ರಸ್ತೆಯೇ ಕೊಚ್ಚಿಹೋಯಿತು. ಅದು ಸರಿಯಾಗಲು ತಿಂಗಳುಗಳೇ ಬೇಕಾದವು. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕೆಂಡದಂತೆ ಕಾಯುತ್ತದೆ. ನಾವು ಆರಿಸಿದ್ದು ಡಿಸೆಂಬರ್. ವಾರದ ದಿನವನ್ನೇ ಗೊತ್ತು ಮಾಡಿದೆವು, ಏಕೆಂದರೆ ಶನಿವಾರ, ಭಾನುವಾರ ಬೆಂಗಳೂರಿನ ಜನ ಅಲ್ಲಿ ಕಿಕ್ಕಿರಿದು ಸೇರುತ್ತಾರೆ. ಕೆಲವೊಮ್ಮೆ ರಸ್ತೆಯ ಕೆಲಸಕ್ಕೋ, ಮಳೆಯ ಕಾರಣಕ್ಕೋ ಬೆಟ್ಟಕ್ಕೆ ಪ್ರವೇಶ ಇರುವುದಿಲ್ಲ. ಹೊರಡುವ ಮುಂಚಿನ ದಿನ ಫೋನ್ ಮಾಡಿ ವಿಚಾರಿಸಲೇಬೇಕು.

ಚಳಿಯ ಲೆಕ್ಕವೂ ಇದೆ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು 6 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹಿಂದೂಪುರ ಇರುವುದು ಸುಮಾರು 620 ಮೀಟರ್ ಎತ್ತರದಲ್ಲಿ. ನಂದಿ 1478 ಮೀಟರ್. ವ್ಯತ್ಯಾಸ ಎಷ್ಟು? ಹಾಗಾದರೆ ಮೇಲೆ ಸುಮಾರು 5 ಡಿಗ್ರಿ ಹೆಚ್ಚು ತಂಪು. ಬೆಳಗಿನ ಮಂಜು, ಗಾಳಿ ಬೇರೆ. ಒಂದು ಸ್ವೆಟರ್ ಇರಲಿ.

ಚೀಲದಲ್ಲಿ ಏನಿರಬೇಕು ಎಂಬ ಮಾತು ಬಂದಾಗ ತರಗತಿ ಸಂತೆಯಾಯಿತು. ಚಿತ್ರಾನ್ನ, ಪುಳಿಯೋಗರೆ, ಚಕ್ಕುಲಿ, ಯಾರೋ ಒಬ್ಬ ಕೇರಂ ಬೋರ್ಡ್! ಹೊರುವವರು ನೀವೇ ಎಂದಾಗ ಕೇರಂ ಬೋರ್ಡ್ ತಾನಾಗಿ ಬಿಟ್ಟುಹೋಯಿತು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಎರಡು ಲೀಟರ್ ಎಂದರೆ ಎರಡು ಕಿಲೋ ತೂಕ ಎಂಬುದು ನೆನಪಿರಲಿ. ಬಾಯಾರುವ ತನಕ ಕಾಯದೆ ಆಗಾಗ ಎರಡು ಗುಟುಕು ಕುಡಿಯುತ್ತಾ ಹೋದರೆ ಚೀಲವೂ ಹಗುರವಾಗುತ್ತದೆ. ದಾರಿಯ ತಿನಿಸಿಗೆ ನಮ್ಮ ಸೀಮೆಯ ಕಡಲೆಬೀಜ ಮತ್ತು ಬೆಲ್ಲಕ್ಕಿಂತ ಒಳ್ಳೆಯದು ಯಾವುದು? ಒಂದು ಹಿಡಿ ತಿಂದರೆ ಮತ್ತೆ ನೂರು ಮೆಟ್ಟಿಲಿಗೆ ಶಕ್ತಿ ಬರುತ್ತದೆ. ಆದರೆ ಕೋತಿಗಳ ಮುಂದೆ ಚೀಲ ಬಿಚ್ಚಬೇಡಿ. ಪ್ಲಾಸ್ಟಿಕ್ ಕವರಿನ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು. ಊಟದ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಒಳಗೆ ಮುಚ್ಚಿಡಿ. ಅವಕ್ಕೆ ತಿನ್ನಲು ಕೊಡಲೂ ಬೇಡಿ. ಕೊಟ್ಟವರಿಂದಲೇ ಅವು ಕಿತ್ತುಕೊಳ್ಳುವುದನ್ನು ಕಲಿತದ್ದು.

ಕಾಲಿಗೆ ಹಿಂಬದಿ ಪಟ್ಟಿಯಿರುವ ಗಟ್ಟಿ ಚಪ್ಪಲಿಯೋ ಬೂಟೋ ಇರಬೇಕು. ಇಲ್ಲದವರು ನಾಚಿಕೆ ಪಡದೆ ಮೊದಲೇ ಮೇಷ್ಟ್ರಿಗೆ ಹೇಳಬೇಕು. ಅಕ್ಕಂದಿರ, ಅಣ್ಣಂದಿರ ಬೂಟು ಎರಡು ದಿನಕ್ಕೆ ಸಿಗುತ್ತದೆ. ನನ್ನ ಚೀಲದಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆ, ಮುಲಾಮು, ಜೊತೆಗೆ ಒಂದು ಜೊತೆ ಹೆಚ್ಚಿನ ಚಪ್ಪಲಿ ಯಾವಾಗಲೂ ಇರುತ್ತದೆ. ಏಕೆಂದು ನಿಮಗೆ ಗೊತ್ತೇ ಇದೆ.

"ಮೇಷ್ಟ್ರೇ, ನಾನು ಅಣ್ಣನ ಸೈಕಲ್ ತರಲೇ? ರಸ್ತೆಯಲ್ಲಿ ತುಳಿದುಕೊಂಡು ಬರುತ್ತೇನೆ" ಎಂದ ಒಬ್ಬ.

ಆಸೆ ತಪ್ಪಲ್ಲ. ಬೆಳಗಿನ ಜಾವ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ತುಳಿದು ಬಂದು ಈ ಬೆಟ್ಟ ಏರುವ ಸೈಕಲ್ ಸವಾರರನ್ನು ನೀವು ಅಲ್ಲಿ ನೋಡಬಹುದು. ಅವರ ಸೈಕಲ್ಲಿಗೆ ಗೇರ್ ಇರುತ್ತದೆ. ಏರಿನಲ್ಲಿ ಹಗುರ ಗೇರ್ ಹಾಕಿದರೆ ತುಳಿಯುವುದು ಸುಲಭವಾಗುತ್ತದೆ, ಆದರೆ ಸೈಕಲ್ಲು ನಿಧಾನವಾಗುತ್ತದೆ. ಅಣ್ಣನ ಸೈಕಲ್ಲಿಗೆ ಗೇರ್ ಇಲ್ಲ. ಅದು ದೊಡ್ಡ ತೊಂದರೆಯಲ್ಲ, ಸಾಕಾದಲ್ಲಿ ಇಳಿದು ತಳ್ಳಬಹುದು. ನಿಜವಾದ ಅಪಾಯ ಇರುವುದು ಇಳಿಯುವಾಗ. ಏಳೆಂಟು ಕಿಲೋಮೀಟರ್ ಇಳಿಜಾರಿನಲ್ಲಿ ತುಳಿಯದೆಯೇ ವೇಗ ಏರುತ್ತದೆ. ಬ್ರೇಕನ್ನು ಹಿಡಿದೇ ಇದ್ದರೆ ಅದರ ರಬ್ಬರು ಕಾಯುತ್ತದೆ, ಸವೆಯುತ್ತದೆ. ಗಾಬರಿಯಿಂದ ಮುಂದಿನ ಬ್ರೇಕನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ಸವಾರ ತಲೆಕೆಳಗಾಗಿ ಬೀಳುತ್ತಾನೆ. ಎದುರಿನ ತಿರುವಿನಿಂದ ಕಾರು ಬರುತ್ತಿರುತ್ತದೆ. ಆದ್ದರಿಂದ ಈ ರಸ್ತೆ ನಿಮಗೆ ಈಗ ಬೇಡ. ಪ್ರೌಢಶಾಲೆಗೆ ಹೋದ ಮೇಲೆ, ದೊಡ್ಡವರ ಜೊತೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಹೋಗಿ.

ಅಲ್ಲಿಯವರೆಗೆ ಊರಿನ ಸಣ್ಣ ಏರಿನಲ್ಲಿ ತಾಲೀಮು ಮಾಡಿ. ಹೊರಡುವ ಮೊದಲು ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಚಕ್ರ ತಿರುಗಬಾರದು. ತಿರುಗಿದರೆ ಆ ಸೈಕಲ್ಲು ಆ ದಿನ ಮನೆಯಲ್ಲೇ ಇರಲಿ. ಇಳಿಜಾರಿನಲ್ಲಿ ವೇಗ ಹೆಚ್ಚುವ ಮುಂಚೆಯೇ ಎರಡೂ ಬ್ರೇಕುಗಳನ್ನು ಮೆಲ್ಲಗೆ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ತಿರುವಿಗೆ ಬಂದ ಮೇಲಲ್ಲ, ಬರುವ ಮುನ್ನವೇ ವೇಗ ಇಳಿಸಿ.

ಹುಡುಗನ ಮುಖ ಸ್ವಲ್ಪ ಬಾಡಿತು. ಅವನಿಗೆ ಗಡಿಯಾರ ನೋಡುವ ಕೆಲಸ ಕೊಟ್ಟೆವು. ಹನ್ನೊಂದೂವರೆಗೆ ಕೂಗುವವನು ಅವನೇ. ಮುಖ ಅರಳಿತು.

ನಡೆಯುವ ಕ್ರಮವನ್ನು ಹೀಗೆ ಗೊತ್ತು ಮಾಡಿದೆವು. ಎಲ್ಲರಿಗಿಂತ ಮುಂದೆ ಒಬ್ಬ ಟೀಚರ್. ಅವರ ಹಿಂದೆಯೇ ನಿಧಾನವಾಗಿ ನಡೆಯುವವರು. ಅವರನ್ನು ಯಾರೂ ದಾಟುವಂತಿಲ್ಲ. ಕೊನೆಯಲ್ಲಿ ನಾನು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ನಿಂತ ಕಡೆಯಲ್ಲೆಲ್ಲ ಒಂದರಿಂದ ಕೂಗುತ್ತಾ ಬರಬೇಕು. ಒಂದು ಸಂಖ್ಯೆ ಕೇಳಿಸದಿದ್ದರೂ ಯಾರೂ ಮುಂದೆ ಹೆಜ್ಜೆ ಇಡಬಾರದು.

ಮೆಟ್ಟಿಲು ಬಿಟ್ಟು ಬಂಡೆಯ ಕಡೆ ಹೋಗಬಾರದು ಎಂಬುದನ್ನು ನಾನು ಮೂರು ಸಲ ಹೇಳಿದೆ. ಇದೇ ಸಾಲಿನ ಬ್ರಹ್ಮಗಿರಿಯಲ್ಲಿ 2022ರ ಫೆಬ್ರವರಿಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಜಾರಿ, ಸುಮಾರು 300 ಅಡಿ ಕೆಳಗೆ ಬಂಡೆಯ ಮೇಲೆ ಸಿಕ್ಕಿಕೊಂಡ. ಅವನನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಅವನು ಬದುಕಿದ.

ದಾರಿಯ ಮೇಲೆ ನಡೆದರೆ ನೋಡುವುದಕ್ಕೇನೂ ಕೊರತೆಯಿಲ್ಲ. ಪಾಳುಬಿದ್ದ ಕೋಟೆಯ ಬಾಗಿಲು, ಕೋಟೆ ಗೋಡೆ, ಅದರ ಸಂದಿನಲ್ಲಿ ಬೇರುಬಿಟ್ಟ ಮರ. ಬಂಡೆಗಳ ನಡುವಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇರುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಕಾಣುವ ಹಕ್ಕಿ ಅದು. ಗದ್ದಲ ಮಾಡಿದರೆ ಕಾಣಿಸಿಕೊಳ್ಳುವುದಿಲ್ಲ. ಮೇಲೆ ಅಮೃತ ಸರೋವರ ಎಂಬ ದೊಡ್ಡ ಕೊಳವಿದೆ. ಅದರ ಮೆಟ್ಟಿಲುಗಳಿಗೆ ಇಳಿಯಲು ಅಪ್ಪಣೆ ಇಲ್ಲ ಎಂದರೆ ಹಟ ಮಾಡಬೇಡಿ. ನೆಲದ ಮೇಲೆ ಬಿದ್ದ ಹೂವು, ಬೀಜಗಳ ಚಿತ್ರ ಬರೆದುಕೊಳ್ಳಿ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಮರಳಿ ಬರಲಿ.

ನಾವು ಹೊರಡಲು ಇನ್ನು ನಾಲ್ಕು ದಿನ ಇದೆ. ತಂದೆತಾಯಿಯರ ಒಪ್ಪಿಗೆಯ ಚೀಟಿಗಳು ಬಂದಿವೆ. ಯೋಜನೆಯ ಹಾಳೆ ತರಗತಿಯ ಗೋಡೆಯ ಮೇಲಿದೆ. ನಿಧಾನವಾಗಿ ನಡೆಯುವವರು ಯಾರು ಎಂಬ ಮೊದಲ ಸಾಲು ಭಾನುವಾರದ ನಡಿಗೆಯ ನಂತರವೂ ಖಾಲಿಯೇ ಇತ್ತು. ಯಾರ ಹೆಸರನ್ನೂ ನಾನಾಗಿ ಬರೆಯುವುದಿಲ್ಲ ಎಂದಿದ್ದೆ. ನಿನ್ನೆ ಬೆಳಿಗ್ಗೆ ನೋಡಿದರೆ ಅಲ್ಲಿ ಪೆನ್ಸಿಲಿನಲ್ಲಿ ಮೂರು ಹೆಸರುಗಳಿದ್ದವು. ಮೂರೂ ಬೇರೆ ಬೇರೆ ಕೈಬರಹ. ಅವರವರೇ ಬರೆದುಕೊಂಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅದರ ಕೆಳಗೆ ನಾಲ್ಕನೆಯ ಹೆಸರನ್ನು ಸೇರಿಸಿದೆ. ನನ್ನದು. ನನ್ನ ಮಂಡಿ ಈಗ ಮೊದಲಿನಂತಿಲ್ಲ.

ಅಭ್ಯಾಸ

ಅ. ಪದಗಳ ಅರ್ಥ
ಕಡಿದು – ನೆಟ್ಟಗೆ ಏರುವ, ಹತ್ತಲು ಕಷ್ಟವಾದ
ಬಾರು – ಚಪ್ಪಲಿಯ ಪಟ್ಟಿ
ಬುತ್ತಿ – ದಾರಿಗೆ ಕಟ್ಟಿಕೊಂಡ ಊಟ
ತಾಲೀಮು – ಅಭ್ಯಾಸ
ಕಲ್ಯಾಣಿ – ಮೆಟ್ಟಿಲುಗಳಿರುವ ಗುಡಿಯ ಕೊಳ

ಆ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ
1. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ನದಿಗಳು ಯಾವುವು?
2. ಡಾಂಬರು ರಸ್ತೆ ಸುತ್ತಿ ಸುತ್ತಿ ಏರುವುದು ಏಕೆ?
3. ಮೇಷ್ಟ್ರ ಚೀಲದಲ್ಲಿ ಹೆಚ್ಚಿನ ಒಂದು ಜೊತೆ ಚಪ್ಪಲಿ ಇರುವುದು ಏಕೆ?
4. "ನಾನು ಸೋತುಬಿಟ್ಟೆನಾ ಮೇಷ್ಟ್ರೇ?" ನೀವು ಆ ಮೇಷ್ಟ್ರಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ಇ. ಮಾಡಿ ನೋಡಿ
ನಿಮ್ಮ ಊರಿನ ಹತ್ತಿರದ ಗುಡ್ಡ ಅಥವಾ ಕೋಟೆಗೆ ಒಂದು ದಿನದ ನಡಿಗೆಯ ಯೋಜನೆ ತಯಾರಿಸಿ. ಮನೆಗೆ ಮರಳುವ ಹೊತ್ತನ್ನು ಮೊದಲು ಬರೆಯಿರಿ.